ನಾವು ಗೆಲ್ಲಿಸಿದ ಸವಾನಾ

ಕನ್ನಡ ಸಂಘದ ರಾಜ್ಯೋತ್ಸವಕ್ಕೆ ಮಕ್ಕಳಿಂದ ನಾಟಕ ಆಡಿಸುವ ಉಸಾಬರಿ ನನಗೆ ಬೇಕಿರಲಿಲ್ಲ. ಕೈಬರಹ ಚೆನ್ನಾಗಿದೆ ಎಂಬ ಒಂದೇ ತಪ್ಪಿಗೆ ಸಂಭಾಷಣೆ ಬರೆಯುವ ಕೆಲಸ ನನ್ನ ತಲೆಗೆ ಬಂತು. ಬರೆದದ್ದನ್ನು ಕನ್ನಡ ಓದಲು ಬಾರದ ಮಕ್ಕಳಿಗಾಗಿ ಮತ್ತೆ ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯಬೇಕು. ತೊಂಬತ್ತರ ದಶಕದ ಅಟ್ಲಾಂಟಾದಲ್ಲಿ ಕನ್ನಡ ಉಳಿಸುವುದೆಂದರೆ ಇದೇ ಆಗಿತ್ತು.

ಆ ವರ್ಷದ ಕಥೆ ನನ್ನ ಮಗಳದು. ಎಂಟನೇ ಗ್ರೇಡಿನಲ್ಲಿ ಅವಳಿಗೆ ಜಾರ್ಜಿಯಾದ ಇತಿಹಾಸವಿತ್ತು. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ ಸವಾನಾ ಬಂದರನ್ನು ಕಾಯುತ್ತಿದ್ದ ದಕ್ಷಿಣದ ಸೈನ್ಯ ಸದ್ದಿಲ್ಲದೆ ನದಿ ದಾಟಿ ಹೋಯಿತು. ಉಳಿದ ಊರಿನ ಪರವಾಗಿ ಮೇಯರ್ ಹೊರಗೆ ಹೋಗಿ, ಉತ್ತರದ ಜನರಲ್‌ಗೆ ಶರಣಾಗಿ, ಜನರನ್ನು ಕಾಪಾಡಿ ಎಂದು ಕೇಳಿಕೊಂಡ. ಊರು ಸುಡದೆ ಉಳಿಯಿತು. ನಾನು ಕನ್ನಡದಲ್ಲಿ ಏನು ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರಿಸುತ್ತಿದ್ದ ಹುಡುಗಿ ತಾನಾಗಿ ಬಂದು, "ಅಮ್ಮ, ಇದನ್ನ ಕನ್ನಡದಲ್ಲಿ ಮಾಡ್ಬಹುದಾ?" ಎಂದಳು. ನಾನು ಕರಗಿಹೋದೆ. ಮೇಯರ್ ಪಾತ್ರ ಅವಳದೇ ಎಂದಾಯಿತು.

ತಾಲೀಮು ಅಂಕಲ್ ಮನೆಯ ಬೇಸ್‌ಮೆಂಟಿನಲ್ಲಿ. ಅಂಕಲ್ ಎಂದರೆ ನಮ್ಮೆಲ್ಲರಿಗಿಂತ ಮೊದಲು ಬಂದು ನೆಲೆಸಿದ ಹೃದಯದ ಡಾಕ್ಟರು. ನಮ್ಮಲ್ಲಿ ಅರ್ಧ ಜನ ಅಮೆರಿಕದಲ್ಲಿ ಮೊದಲ ಊಟ ಮಾಡಿದ್ದು ಅವರ ಮನೆಯಲ್ಲಿ. ಕಾಲೇಜಿನ ದಿನಗಳಲ್ಲಿ ರಾಜರ ನಾಟಕಗಳಲ್ಲಿ ಕತ್ತಿ ಹಿಡಿದು ಅಬ್ಬರಿಸಿದವರು. ಎರಡನೇ ಭಾನುವಾರ ನನ್ನ ಹಾಳೆಗಳನ್ನು ಪಕ್ಕಕ್ಕೆ ಸರಿಸಿದರು.

"ಐತಿಹಾಸಿಕ ನಾಟಕ ಅಂದ್ಮೇಲೆ ಶೌರ್ಯ ಬೇಕಮ್ಮ. ಶರಣಾದವನಿಗೆ ಯಾರು ಚಪ್ಪಾಳೆ ತಟ್ತಾರೆ?"

ಅವರ ನಾಟಕದಲ್ಲಿ ಮೇಯರ್ ಶರಣಾಗತಿಯ ಪತ್ರವನ್ನು ಹರಿದೆಸೆದು ಕತ್ತಿ ಹಿರಿಯುತ್ತಾನೆ, ಜನರಲ್ ಕಾಲಿಗೆ ಬುದ್ಧಿ ಹೇಳುತ್ತಾನೆ. ಒಂದು ಪುಟ ಉದ್ದದ ಗರ್ಜನೆ ಬೇರೆ. ಅದರಲ್ಲಿ ನನಗೇ ಅರ್ಥವಾಗದ ನಾಲ್ಕು ಪದಗಳಿದ್ದವು.

ಮಗಳು ಬಿಡಲಿಲ್ಲ. "ಆದ್ರೆ ಅಂಕಲ್, ಸವಾನಾದಲ್ಲಿ ತುಂಬ ಸ್ಲೇವ್ಸ್ ಇದ್ರು. ನಾರ್ತ್ ಆರ್ಮಿ ಬಂದಿದ್ದಕ್ಕೆ ಅವರು ಫ್ರೀ ಆದ್ರು. ಮೇಯರ್ ಗೆದ್ರೆ ಅವರು ಏನು ಮಾಡ್ತಾರೆ?"

ಹದಿನೈದು ನಿಮಿಷದ ಐಟಂನಲ್ಲಿ ಅಷ್ಟೆಲ್ಲ ಹಿಡಿಸುವುದಿಲ್ಲ ಎಂದು ಅಂಕಲ್ ಅವಳ ತಲೆ ಸವರಿದರು. ಅಷ್ಟರಲ್ಲಿ ಒಬ್ಬಾಕೆಗೆ ಮಧ್ಯೆ ತನ್ನ ಮಗಳ ಭರತನಾಟ್ಯ ಸೇರಬೇಕಿತ್ತು. ಇನ್ನೊಬ್ಬರಿಗೆ ತಮ್ಮ ಮಗ ಜನರಲ್ ಆಗಿ ಸೋಲುವುದು ಬೇಡವಾಗಿತ್ತು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಆ ಗದ್ದಲದಲ್ಲಿ ಮಗಳು ನನ್ನನ್ನೇ ನೋಡುತ್ತಿದ್ದಳು. ಅವಳು ಹೇಳಿದ್ದು ಸರಿ ಎಂದು ನನಗೆ ಗೊತ್ತಿತ್ತು. ಅಂಕಲ್‌ಗೆ ಎದುರಾಡುವವರು ಯಾರು? ಕಾರಿನಲ್ಲಿ ಸಿಡುಕಿ, ನಾಟಕ ತಾನೆ, ದೊಡ್ಡವರು ಹೇಳಿದ ಹಾಗೆ ಮಾಡಿಬಿಡು ಎಂದೆ.

ಬಾಡಿಗೆಗೆ ಹಿಡಿದ ಹೈಸ್ಕೂಲ್ ಸಭಾಂಗಣದಲ್ಲಿ, ಹೋದ ವರ್ಷದ ನಾಟಕದಿಂದ ಉಳಿದ ಮೈಸೂರು ಪೇಟ ತೊಟ್ಟು ಸವಾನಾದ ಮೇಯರ್ ಗರ್ಜಿಸಿದಳು. ಒಂದಕ್ಷರ ತಪ್ಪಲಿಲ್ಲ. ಜನರಲ್ ಓಡಿದ. ಸಭೆಯೆಲ್ಲ ಎದ್ದು ನಿಂತು ಶಿಳ್ಳೆ ಹಾಕಿತು. ನಾನೂ ಚಪ್ಪಾಳೆ ತಟ್ಟಿದೆ, ಕಣ್ಣೂ ತುಂಬಿತು. ನನ್ನ ಮಗಳ ಬಾಯಲ್ಲಿ ಅಷ್ಟು ಕನ್ನಡ ಕೇಳಿದ ಆ ಗಳಿಗೆಯಲ್ಲಿ ಸವಾನಾ ಏನಾದರೆ ನನಗೇನು?

ಎಲ್ಲರೂ ಬಿಸಿಬೇಳೆ ಭಾತಿಗೆ ಹೋದರು. ನಾನು ಮಗಳೊಂದಿಗೆ ವೇಷಭೂಷಣ ಎತ್ತಿಡುತ್ತಿದ್ದೆ. ಕುರ್ಚಿ ಮಡಚಲು ಬಂದ ಶಾಲೆಯ ಕೆಲಸಗಾರ, ವಯಸ್ಸಾದ ಕಪ್ಪು ಮನುಷ್ಯ, ಹಿಂದೆ ನಿಂತು ನಾಟಕವನ್ನೆಲ್ಲ ನೋಡಿದ್ದನಂತೆ. ಮಗಳ ದನಿಯನ್ನು ಮೆಚ್ಚಿ, ಯಾವ ಕಥೆ ಎಂದು ಕೇಳಿದ.

ನಮ್ಮ ದೇಶದ ಹಳೇ ರಾಜನೊಬ್ಬನದು ಎಂದುಬಿಟ್ಟೆ.

ಮಗಳು ನನ್ನ ಮುಖ ನೋಡಿದಳು. ಅಲ್ಲ, ಇದು ಸವಾನಾದ ಕಥೆ, ನಮ್ಮ ನಾಟಕದಲ್ಲಿ ಊರನ್ನು ಬಿಟ್ಟುಕೊಡುವುದಿಲ್ಲ ಎಂದು ಅವನಿಗೆ ಇಂಗ್ಲಿಷಿನಲ್ಲಿ ಹೇಳಿದಳು.

ಅವನು ಕೈಯಲ್ಲಿದ್ದ ಕುರ್ಚಿಯನ್ನು ಕೆಳಗಿಟ್ಟ. ತನ್ನ ಮುತ್ತಜ್ಜಿ ಅಂದು ಆ ಊರಿನಲ್ಲೇ ಇದ್ದಳು ಎಂದ. ಒಂಬತ್ತು ವರ್ಷದ ಹುಡುಗಿ, ಒಬ್ಬ ವ್ಯಾಪಾರಿಯ ಸೊತ್ತು. ದನಿಯಲ್ಲಿ ಸಿಟ್ಟಿರಲಿಲ್ಲ. "ನಿಜವಾಗಿ ಬಿಟ್ಟುಕೊಟ್ಟರಲ್ಲ, ಅದೇ ನಮ್ಮ ಪುಣ್ಯ" ಎಂಬಂಥ ಮಾತನ್ನು ಹೇಳಿ ಮತ್ತೆ ಕುರ್ಚಿ ಎತ್ತಿಕೊಂಡ.

ಮಗಳು ಅವನ ಹಿಂದೆಯೇ ಹೋಗಿ ಕ್ಷಮೆ ಕೇಳಿದಳು. ಅವಳಿಗೆ ಹದಿಮೂರು ವರ್ಷ. ಕೇಳಬೇಕಾದವಳು ನಾನು, ಅವನನ್ನೂ ಅವಳನ್ನೂ. ನಾನು ಪೇಟವನ್ನು ಪೆಟ್ಟಿಗೆಗೆ ಹಾಕಿ ಮುಚ್ಚಳ ಮುಚ್ಚಿದೆ.