ಪಕ್ಕದ ಕೋಣೆಯ ಫೋನು

ಬೆಳಕು ಹರಿಯಬೇಕೋ ಬೇಡವೋ ಎಂದು ಇನ್ನೂ ಮೀನಮೇಷ ಎಣಿಸುತ್ತಿರುವ ಹೊತ್ತು. ವಾಚನಾಲಯದ ಹಿಂದಿನ ಹಾಲಿನಲ್ಲಿ, ಎಲ್ಲರೂ ಅಕ್ಕ ಎಂದೇ ಕರೆಯುವ ಕೆಲಸದಾಕೆ ನೆಲ ಒರೆಸುತ್ತಿದ್ದಾರೆ. ಒದ್ದೆ ನೆಲದಲ್ಲಿ ಕಿಟಕಿಗಳು ತಲೆಕೆಳಗಾಗಿ ತೇಲುತ್ತಿವೆ. ಇಪ್ಪತ್ತೆರಡು ಕುರ್ಚಿಗಳನ್ನು ದುಂಡಗೆ ಜೋಡಿಸಿ, ಚಹಾಕ್ಕೆ ನೀರಿಟ್ಟು, ಅವರು ಪೊರಕೆ ಬಕೆಟ್ಟುಗಳ ಕೋಣೆ ಸೇರುತ್ತಾರೆ. ಅಲ್ಲಿ ಬೋರಲು ಹಾಕಿದ ಬಕೆಟ್ಟಿನ ಮೇಲೆ ಹಳೆಯ ಫೋನೊಂದಿದೆ. ಅವರ ಇನ್ನೊಂದು ಕೆಲಸ ಶುರುವಾಗುವುದು ಅದರಿಂದ.

ಪ್ರತಿ ಬುಧವಾರ ಬೆಳಗ್ಗೆ ಏಳಕ್ಕೆ, ನಾನಾ ದೇಶಗಳಿಂದ ಬಂದು ಇಂಗ್ಲಿಷು ಮಾತಾಡುವ ಈ ದೇಶದಲ್ಲಿ ನೆಲೆಸಿದ ಹೆಂಗಸರು ಈ ಹಾಲಿನಲ್ಲಿ ಸೇರುತ್ತಾರೆ. ಇಂಗ್ಲಿಷು ಒಂದು ನೆಪ, ಬೇಕಿರುವುದು ಮಾತಿಗೊಂದು ಜೊತೆ. ಅತ್ತೆಯರು ಎಲ್ಲ ದೇಶದಲ್ಲೂ ಒಂದೇ ಎಂದು ಗೊತ್ತಾದ ದಿನ ಬಿದ್ದು ಬಿದ್ದು ನಕ್ಕಿದ್ದರಂತೆ. ಎದುರು ಕೂತರೆ ಕೈ, ಕಣ್ಣು ನೆರವಿಗೆ ಬರುತ್ತವೆ. ಫೋನಿನಲ್ಲಿ ಬರುವುದಿಲ್ಲವಲ್ಲ! ಅದಕ್ಕೇ ಅಭ್ಯಾಸಕ್ಕೆಂದು ಒಬ್ಬೊಬ್ಬರಾಗಿ ಪಕ್ಕದ ಕೋಣೆಗೆ ಫೋನು ಮಾಡುತ್ತಾರೆ. ಅಲ್ಲಿ ಫೋನೆತ್ತುವ ಅಕ್ಕ ಒಮ್ಮೆ ಆಸ್ಪತ್ರೆಯ ಗುಮಾಸ್ತೆ, ಒಮ್ಮೆ ಶಾಲೆಯ ಆಫೀಸಿನಾಕೆ, ಒಮ್ಮೆ ಮನೆ ಮಾಲೀಕರು. ಬೇಕೆಂದೇ ಗದರುತ್ತಾರೆ, ಕಾಯಿಸುತ್ತಾರೆ. ಬುಧವಾರಕ್ಕೆ ಹದಿನೈದು ಕರೆ, ಹನ್ನೊಂದು ವರ್ಷದಿಂದ.

"ಹೊರಗೆ ಯಾರು ನಯವಾಗಿ ಮಾತಾಡ್ತಾರೆ ಹೇಳಿ? ಇಲ್ಲೇ ಬೈಸ್ಕೊಂಡ್ರೆ ಅಲ್ಲಿ ಗಾಬರಿ ಆಗಲ್ಲ" ಎನ್ನುತ್ತಾರೆ.

ಗಂಡನ ಹಿಂದೆ ಈ ದೇಶಕ್ಕೆ ಬಂದ ಹೊಸತರಲ್ಲಿ ಅಕ್ಕನ ಕೂಸಿಗೆ ಜ್ವರ ನೆತ್ತಿಗೇರಿತ್ತು. ಆಸ್ಪತ್ರೆಗೆ ಫೋನು ಮಾಡಿದರೆ ಆಚೆಯ ದನಿ ಕೇಳಿದ್ದೇ ತಡ, ಇಂಗ್ಲಿಷು ತೋಚದೆ ಮೂರು ಸಲ ಇಟ್ಟುಬಿಟ್ಟರು. ಕೊನೆಗೆ ಮಗುವನ್ನು ಎದೆಗವಚಿಕೊಂಡು ನಡೆದೇ ಹೋದರು. "ಮಗಳು ಈಗ ನನಗಿಂತ ಎತ್ತರ. ಆದ್ರೂ ಆ ರಸ್ತೆ ಇನ್ನೂ ಕನಸಲ್ಲಿ ಬರುತ್ತೆ, ಮುಗಿಯೋದೇ ಇಲ್ಲ."

ಇವತ್ತು ಹಾಲಿನಲ್ಲಿ ನಗು ಕಡಿಮೆ. ಬಟ್ಟೆ ಹೊಲಿಯುವ ಹೆಂಗಸೊಬ್ಬರ ಮಗಳಿಗೆ ಕಿವಿಯ ಆಪರೇಷನ್ ಆಗಬೇಕು. ಇವತ್ತು ಎಂಟೂವರೆಯೊಳಗೆ ಆಸ್ಪತ್ರೆಗೆ ಫೋನು ಮಾಡಿ ಒಪ್ಪಿಗೆ ಹೇಳದಿದ್ದರೆ ಸರದಿ ಬೇರೆಯವರ ಪಾಲು. ಮೂರು ವಾರದಿಂದ ಅಕ್ಕ ದನಿ ಏರಿಸಿದ ಕೂಡಲೇ ಆಕೆ ಫೋನು ಇಟ್ಟುಬಿಡುತ್ತಿದ್ದಾರೆ. ಹೋದ ವಾರ ಗೆಳತಿಯರು ತಾವೇ ಮಾತಾಡುತ್ತೇವೆ ಎಂದಾಗ ತಡೆದದ್ದು ಅಕ್ಕ. "ಈಗೇನೋ ನೀವು ಮಾತಾಡ್ತೀರಿ. ನಾಳೆ ಮಗು ಪಕ್ಕ ಡಾಕ್ಟರ್ ಹತ್ರ ಅವಳೊಬ್ಬಳೇ ಅಲ್ವಾ?" ಹಾಗೆ ಹೇಳಿದ ಮೇಲೆ ತಮಗೇ ನಿದ್ದೆ ಬಂದಿಲ್ಲ ಎನ್ನುತ್ತಾರೆ.

ಎಂಟು ಗಂಟೆ. ಅಕ್ಕ ಹಳೆಯ ಫೋನಿನ ಮೇಲೆ ಅಂಗೈ ಇಟ್ಟು ಕೂತಿದ್ದಾರೆ. ಅದು ರಿಂಗಾದರೆ ಆ ಹೆಂಗಸು ಆಸ್ಪತ್ರೆಗೆ ಮಾಡಲು ಧೈರ್ಯ ಸಾಲದೆ ಮತ್ತೆ ಇಲ್ಲಿಗೇ ಮಾಡಿದ್ದಾರೆ ಎಂದರ್ಥ. ಎಂಟೂ ಹತ್ತು. ಎಂಟೂಕಾಲು. ಗೋಡೆಯಾಚೆ ದನಿಯೊಂದು ತಡವರಿಸಿ ನಿಲ್ಲುತ್ತದೆ. ಅಕ್ಕ ಕಣ್ಣು ಮುಚ್ಚುತ್ತಾರೆ. ದನಿ ಮತ್ತೆ ಹೊರಡುತ್ತದೆ, ಮಗಳ ಹೆಸರನ್ನು ಒಂದೊಂದೇ ಅಕ್ಷರವಾಗಿ ಹೇಳುತ್ತದೆ, ಮೊದಲು ಮೆಲ್ಲಗೆ, ಆಮೇಲೆ ಗಟ್ಟಿಯಾಗಿ. ಆಮೇಲೆ ಕುರ್ಚಿಗಳೆಲ್ಲ ಒಟ್ಟಿಗೆ ಸರಿದ ಸದ್ದು, ಹೋ ಎಂಬ ನಗು, ಯಾರದೋ ಅಳು.

ಅಕ್ಕ ಎದ್ದು ಹೋಗುವುದಿಲ್ಲ. ಒರೆಸುವ ಬಟ್ಟೆಯಿಂದ ಫೋನಿನ ಧೂಳು ತೆಗೆಯುತ್ತಾರೆ.

"ನೋಡಿ, ರಿಂಗಾಗಲೇ ಇಲ್ಲ" ಎನ್ನುತ್ತಾರೆ.