ಶುಕ್ರವಾರದೊಳಗೆ ಗಡಿ ದಾಟಬೇಕಿತ್ತು

ಅಕ್ಕನಿಗೆ ಭೂತಾನಿನ ಒಂದು ರಸ್ತೆ ನೋಡಬೇಕಿತ್ತು. ಮದುವೆಯಾದ ಹೊಸದರಲ್ಲಿ ಭಾವ ಎರಡು ವರ್ಷ ಅಲ್ಲಿ ರಸ್ತೆ ಕಾಮಗಾರಿಯ ಓವರ್‌ಸಿಯರ್ ಆಗಿದ್ದರು, ಅಲ್ಲಿಂದ ಅಕ್ಕನಿಗೆ ಕಾಗದ ಬರೆಯುತ್ತಿದ್ದರು. ಅವರು ತೀರಿಕೊಂಡ ಮರುವರ್ಷ, ಚಂದ್ರಾ ಲೇಔಟಿನ ಮನೆಯಲ್ಲಿ ಅವರೆಕಾಯಿ ಬಿಡಿಸುತ್ತಾ ಅಕ್ಕ, "ನೀನು ಜೊತೆಗೆ ಬಂದರೆ ಹೋಗಿಬರ್ತೀನಿ ಕಣೇ" ಎಂದಳು.

ಒಪ್ಪಿಕೊಂಡ ದಿನದಿಂದ ನನ್ನ ನೆಮ್ಮದಿ ಕೆಟ್ಟಿತು. ಶಾಲೆಯಲ್ಲಿ ಪಾಠ ಮುಗಿಸಿದ ಮೇಲೆ ವಿಜಯನಗರದ ಸೈಬರ್ ಕೆಫೆಯಲ್ಲಿ ಕೂತು ದಾರಿ ಬರೆದುಕೊಂಡೆ. ಕೋಲ್ಕತ್ತಾಗೆ ಒಂದು ವಿಮಾನ, ಬಾಗ್‌ಡೋಗ್ರಾಕ್ಕೆ ಇನ್ನೊಂದು, ಜೀಪಿನಲ್ಲಿ ಡಾರ್ಜಿಲಿಂಗ್, ಎರಡು ದಿನ ಬಿಟ್ಟು ಬೆಟ್ಟ ಇಳಿದು ಗಡಿಯ ಫುಂಟ್‌ಶೋಲಿಂಗ್. ಅಲ್ಲಿ ಭೂತಾನಿನ ಒಳಗೆ ಹೋಗಲು ಪರ್ಮಿಟ್ ಕೊಡುವ ಕಚೇರಿಗೆ ಶನಿವಾರ, ಭಾನುವಾರ ರಜೆ. ಶುಕ್ರವಾರ ಮುದ್ರೆ ಬೀಳದಿದ್ದರೆ ಗಡಿಯಲ್ಲೇ ಕೂರಬೇಕು. ನನಗೆ ಅಷ್ಟು ರಜೆ ಇರಲಿಲ್ಲ.

"ಆರಾಮಾಗಿ ತಲುಪ್ತೀರ ಮೇಡಂ" ಎಂದ ಟ್ರಾವೆಲ್ಸಿನವನು. ಬೆಟ್ಟದಲ್ಲಿ ಬಂದ್ ಆದರೆ ಏನು ಮಾಡೋದು ಎಂದು ಕೇಳಿದೆ. ಅವನು ಟಿಕೆಟಿನ ಲೆಕ್ಕ ಬರೆಯತೊಡಗಿದ.

ಟಿಕೆಟ್ ಕೈಗೆ ಬಂದ ಮೇಲೆ ಅಕ್ಕನ ವೋಟರ್ ಕಾರ್ಡನ್ನು ಸರಿಯಾಗಿ ನೋಡಿದೆ. ಪಾಸ್‌ಪೋರ್ಟ್ ಇಲ್ಲದ ಅವಳಿಗೆ ಅದೊಂದೇ ಗುರುತು. ಫೋಟೋ ಅವಳದೇ. ಲಿಂಗ ಎಂಬಲ್ಲಿ ಪುರುಷ ಎಂದಿತ್ತು.

"ಇದರಲ್ಲೇ ಮೂರು ಸಲ ಓಟು ಹಾಕಿದೀನಿ. ಯಾರೂ ಕೇಳಿಲ್ಲ."

"ಅಲ್ಲಿ ಕೇಳ್ತಾರೆ ಅಕ್ಕ."

ತಿದ್ದುಪಡಿಗೆ ಅರ್ಜಿ ಕೊಟ್ಟೆವು. ಹೊರಡುವ ದಿನದವರೆಗೂ ಹೊಸ ಕಾರ್ಡ್ ಬರಲಿಲ್ಲ.

ಡಾರ್ಜಿಲಿಂಗಿನಲ್ಲಿ ಏನು ನೋಡಿದೆನೋ ನನಗೆ ನೆನಪಿಲ್ಲ. ಶುಕ್ರವಾರ ನಸುಕಿನಲ್ಲೇ ಹೊರಟರೂ ಗಡಿ ಮುಟ್ಟಿದಾಗ ಮಧ್ಯಾಹ್ನ ಎರಡು ಗಂಟೆ. ಕೌಂಟರಿನ ಅಧಿಕಾರಿ ಕಾರ್ಡ್ ನೋಡಿದ, ಅಕ್ಕನನ್ನು ನೋಡಿದ. ಅದೇ ಗಡಿ ಊರಲ್ಲಿರುವ ಭಾರತ ಸರ್ಕಾರದ ಕಚೇರಿಯಿಂದ ಗುರುತಿನ ಚೀಟಿ ತನ್ನಿ ಎಂದು ಹಿಂದಿಯಲ್ಲಿ ಹೇಳಿದ. ಅಕ್ಕನ ಕೈ ಹಿಡಿದು ಹೆಚ್ಚುಕಡಿಮೆ ಓಡಿದೆ. ಅಲ್ಲಿಯ ಗುಮಾಸ್ತರ ಮುಂದೆ ತಿದ್ದುಪಡಿಯ ರಸೀದಿ ಇಟ್ಟರೆ, ಅದು ಪೂರ್ತಿ ಕನ್ನಡದಲ್ಲಿತ್ತು. ಒಂದೊಂದೇ ಸಾಲು ಓದಿ ನನ್ನ ಹರುಕು ಹಿಂದಿಯಲ್ಲಿ ಅರ್ಥ ಹೇಳಿದೆ. ಅವರು ಮತ್ತೇನೂ ಕೇಳದೆ ಚೀಟಿ ಬರೆದುಕೊಟ್ಟರು. ಪರ್ಮಿಟ್ಟಿನ ಮೇಲೆ ಮುದ್ರೆ ಬಿದ್ದಾಗ ಕೌಂಟರ್ ಮುಚ್ಚಲು ಹತ್ತೇ ನಿಮಿಷ ಬಾಕಿ. ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟೆ.

ಮರುದಿನ ಭಾವ ಕೆಲಸ ಮಾಡಿದ್ದ ರಸ್ತೆಯಲ್ಲಿ ಕಾರು ಮೇಲೇರುವಾಗ ಅಕ್ಕ ಕಿಟಕಿಗೆ ಹಣೆ ಒತ್ತಿಕೊಂಡು ಕೂತಿದ್ದಳು.

"ಎಷ್ಟೊಂದು ತಿರುವು ಕಣೇ. ಒಂದು ಕಾಗದದಲ್ಲೂ ಇದನ್ನ ಬರೀಲಿಲ್ಲ ನೋಡು ಅವರು."

ನಾನು ಪ್ರಪಾತದ ಕಡೆ ನೋಡಲಿಲ್ಲ. ಸ್ವಲ್ಪ ನಿಧಾನ ಹೋಗಿ ಎಂದು ಡ್ರೈವರಿಗೆ ಮತ್ತೆ ಹೇಳಿದೆ.