ಅರ್ಧಕ್ಕೆ ನಿಂತ ಸಿಡಿ

ಹೋದ ವಾರ ದೆಹಲಿಯ ಪೀತಮ್‌ಪುರಾದ ನಮ್ಮ ಮನೆಗೆ ಬಣ್ಣ ಹೊಡೆಸಲೆಂದು ಕಪಾಟು ಖಾಲಿ ಮಾಡುತ್ತಿದ್ದಾಗ ಹಳೆಯ ಸಿಡಿಯೊಂದು ಕೈಗೆ ಬಂತು. ಮಗಳು ಅದನ್ನು ಬೆಳಕಿಗೆ ಹಿಡಿದು, "ಅಪ್ಪಾ, ಇದರಲ್ಲಿ ಗಾನೇ ಇದೆಯಾ?" ಎಂದಳು. "ಹಾಡಿಲ್ಲ, ಶಾರದಕ್ಕ ಇದ್ದಾರೆ" ಎಂದೆ. ಅವಳು ನನ್ನ ಮುಖವನ್ನೊಮ್ಮೆ ನೋಡಿ, "ಅಚ್ಛಾ" ಎಂದು ಹೊರಟುಹೋದಳು. ಬಿಡುವಿದ್ದರೆ ನೀವಾದರೂ ಕೇಳಿ.

ಆಗ ನಾನು ಆರ್.ಕೆ.ಪುರಂನ ಸರ್ಕಾರಿ ಕಚೇರಿಯೊಂದರ ಕಂಪ್ಯೂಟರ್ ವಿಭಾಗದಲ್ಲಿದ್ದೆ. ವಿಭಾಗ ಎಂದರೆ ನಾನು, ಒಂದು ಮೇಜು, ಒಂದು ಸ್ಕ್ರೂಡ್ರೈವರ್. ಕಂಪ್ಯೂಟರುಗಳಿಗೆ ಆಗಾಗ ವೈರಸ್ ತಗಲುತ್ತಿತ್ತು. ಎಲ್ಲವನ್ನೂ ಅಳಿಸಿ, ಸಾಫ್ಟ್‌ವೇರನ್ನು ಸಿಡಿಯಿಂದ ಮತ್ತೆ ಹಾಕಬೇಕು. ಹಾಕುವಾಗ ಪರದೆಯ ಮೇಲೆ ಒಂದರ ಹಿಂದೊಂದು ಪ್ರಶ್ನೆ: ಒಪ್ಪಿಗೆಯೇ? ಎಲ್ಲಿಡಲಿ? ಮುಂದೆ ಹೋಗಲೇ? ಹೆಣ್ಣು ನೋಡಲು ಬಂದ ಗಂಡಿನ ಕಡೆಯವರೂ ಅಷ್ಟು ಕೇಳಲಾರರು. ಪ್ರತಿಯೊಂದಕ್ಕೂ ಗುಂಡಿ ಒತ್ತುತ್ತಾ, ಕ್ಯಾಂಟೀನಿನ ಭಯ್ಯಾ ತಂದಿಟ್ಟ ಶುಂಠಿ ಚಹಾ ಕುಡಿಯುತ್ತಾ, ಕಂಪ್ಯೂಟರ್ ಕೆಟ್ಟ ಮೇಜಿನವರ ಸೊಸೆಯ ಕಥೆ ಕೇಳುತ್ತಾ ಕೂರುವುದೇ ನನ್ನ ಉದ್ಯೋಗ. ಸಂಬಳವೂ ಕೊಡುತ್ತಿದ್ದರು.

ಶಾರದಕ್ಕ ನಮ್ಮ ಕಚೇರಿಯ ಟೈಪಿಸ್ಟ್, ತುಮಕೂರು ಕಡೆಯವರು. ಗಂಡ ತೀರಿಕೊಂಡ ಮೇಲೆ ಅವರ ಜಾಗದಲ್ಲಿ ಕೆಲಸ ಸಿಕ್ಕಿ, ಮಗಳೊಂದಿಗೆ ಲೋಧಿ ಕಾಲೋನಿಯ ಕ್ವಾರ್ಟರ್ಸಿನಲ್ಲಿದ್ದರು. ಟೈಪ್‌ರೈಟರಿನ ಮೇಲೆ ಅವರ ಬೆರಳುಗಳು ಆಲಿಕಲ್ಲು ಸುರಿದಂತೆ ಓಡುತ್ತಿದ್ದವು. ಕಂಪ್ಯೂಟರ್ ಬಂದದ್ದೇ ತಡ, ಕೈಗಳು ಮಡಿಲಿಗಿಳಿದವು. ಪರದೆಯ ಮೇಲೆ ಪುಟ್ಟ ಚೌಕ ಮೂಡಿದರೂ ಸಾಕು, "ಏನೋ ಕೇಳ್ತಾ ಇದೆ, ಬಾರೋ" ಎಂದು ಕರೆಯುವರು. ಒಂದು ದಿನ ಅಧಿಕಾರಿ ಎಲ್ಲರೆದುರಿಗೇ, "ಮೇಡಂ, ನಹೀಂ ಹೋತಾ ತೋ ರೆಕಾರ್ಡ್ ರೂಮ್ ಚಲೀ ಜಾಯಿಯೇ", ಕೈಲಾಗದಿದ್ದರೆ ರೆಕಾರ್ಡ್ ರೂಮಿಗೆ ಹೋಗಿ, ಎಂದುಬಿಟ್ಟರು. ರೆಕಾರ್ಡ್ ರೂಮ್ ಇದ್ದದ್ದು ನೆಲಮಾಳಿಗೆಯಲ್ಲಿ, ಕಾಲಿಟ್ಟರೆ ಧೂಳು. ಶಾರದಕ್ಕನಿಗೆ ಉಬ್ಬಸ.

"ನೆಲಮಾಳಿಗೆಗೇ ಹೋಗ್ತೀನಿ ಅಂತ ಬರೆದುಕೊಟ್ಟುಬಿಡ್ತೀನಿ ಕಣೋ. ದಿನಾ ಈ ಅವಮಾನ ಯಾರಿಗೆ ಬೇಕು?" ಎಂದರು.

ಯಾರನ್ನೂ ಕರೆಯದೆ ಅಕ್ಕ ತಾವೇ ಕಂಪ್ಯೂಟರ್ ಸರಿಮಾಡಿಕೊಂಡರೆ ಅಧಿಕಾರಿಯ ಬಾಯಿ ಮುಚ್ಚುತ್ತದೆ ಎಂದು ನಾನು ಸ್ಕ್ರಿಪ್ಟ್ ಬರೆಯಲು ಕೂತೆ. ಕಂಪ್ಯೂಟರಿಗೆ ಮೊದಲೇ ಬರೆದಿಟ್ಟ ಆಜ್ಞೆಗಳು ಎಂದಿಟ್ಟುಕೊಳ್ಳಿ: ಇದನ್ನು ಕೇಳಿದರೆ ಹೂಂ ಎನ್ನು, ಅದನ್ನು ಇಲ್ಲಿಡು, ಯಾರನ್ನೂ ಪೀಡಿಸಬೇಡ. ಅದನ್ನೂ ಸೇರಿಸಿ ಹೊಸ ಸಿಡಿ ಮಾಡಿದೆ. ಕೆಲಸ ಮುಗಿದಾಗ 'ಆಯಿತು ಅಕ್ಕಾ, ಇನ್ನು ಟೈಪ್ ಮಾಡಿ' ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಮೂಡುವಂತೆಯೂ ಮಾಡಿ, ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

"ಸಿಡಿ ಹಾಕಿ ಕೈಕಟ್ಟಿ ಕೂತಿರಿ ಅಕ್ಕ. ಎಲ್ಲ ಅದೇ ಮಾಡ್ಕೊಳ್ಳುತ್ತೆ" ಎಂದು, ಅವರ ಕಂಪ್ಯೂಟರಿಗೆ ಮತ್ತೆ ವೈರಸ್ ತಗಲಿದ ದಿನ ಸಿಡಿ ಕೈಗಿಟ್ಟು ಪಕ್ಕದ ಕಟ್ಟಡಕ್ಕೆ ಹೋದೆ. ಅಲ್ಲಿ ಮೆಟ್ಟಿಲು ಹತ್ತುವಾಗ ನೆನಪಾಯಿತು: ಶಾರದಕ್ಕನ ಮೇಜಿನ ಪ್ರಿಂಟರ್ ಬೇರೆ ಬಗೆಯದು. ಅದರ ಪ್ರಶ್ನೆಗೆ ನಾನು ಉತ್ತರವನ್ನೇ ಬರೆದಿರಲಿಲ್ಲ! ಅಧಿಕಾರಿ ನೋಡಿದರೆ ಅಕ್ಕನ ಕಥೆ ಮುಗಿಯಿತು ಎಂದು ಏದುಸಿರು ಬಿಡುತ್ತಾ ಓಡಿಬಂದೆ.

ಶಾರದಕ್ಕ ಟೈಪ್ ಮಾಡುತ್ತಿದ್ದರು. ಪ್ರಿಂಟರ್ ಕಿರ್ರೆನ್ನುತ್ತಾ ಹಾಳೆ ಉಗುಳುತ್ತಿತ್ತು.

"ನಿನ್ನ ಸಿಡಿ ಅರ್ಧಕ್ಕೇ ನಿಂತುಬಿಡ್ತಲ್ಲೋ" ಎಂದರು.

"ಅಯ್ಯೋ! ಆಮೇಲೆ?"

"ಆಮೇಲೇನು, ಯಾವ ಪ್ರಿಂಟರ್ ಅಂತ ಕೇಳ್ತು. ನೀನಿರಲಿಲ್ಲ. ಪ್ರಿಂಟರ್ ಕಣ್ಣೆದುರಿಗೇ ಇದೆ, ಹೆಸರು ಅದರ ಹಣೆ ಮೇಲೇ ಇದೆ. ನೋಡಿ ಒತ್ತಿದೆ. ಇಷ್ಟು ದಿನ ಇದು ಕೇಳ್ತಾ ಇದ್ದದ್ದು ಇಂಥದ್ದೇನಾ?" ಎಂದು, ಉಬ್ಬಸ ಬರುವಷ್ಟು ನಕ್ಕರು.

ನೆಲಮಾಳಿಗೆಗೆ ಅವರು ಹೋಗಲಿಲ್ಲ. ನಮ್ಮ ಮಹಡಿಯಲ್ಲಿ ಯಾರ ಕಂಪ್ಯೂಟರ್ ಕೆಟ್ಟರೂ ಸಿಡಿ ಹಿಡಿದು ಅವರೇ ಹೊರಡತೊಡಗಿದರು. ಶುಂಠಿ ಚಹಾ, ಸೊಸೆಯ ಕಥೆ ಎರಡೂ ಅವರ ಪಾಲಾದವು. ನನಗೆ ಒಳಗೊಳಗೇ ಹೊಟ್ಟೆಕಿಚ್ಚಾಯಿತೆಂದರೆ ಸುಳ್ಳಲ್ಲ.

ಈಗ ಅವರು ಮಗಳ ಜೊತೆ ಗುರುಗ್ರಾಮದಲ್ಲಿದ್ದಾರೆ. ವರ್ಷಗಳಿಂದ ಮಾತಾಡಿರಲಿಲ್ಲ, ಅವತ್ತು ಸಂಜೆಯೇ ಫೋನ್ ಮಾಡಿದೆ. "ಭಾನುವಾರ ಊಟಕ್ಕೆ ಬಾ" ಎಂದರು. ಬಹಳ ದೂರ, ಮೆಟ್ರೋದಲ್ಲಿ ಟಿಕೆಟಿಗೆ ಸಾಲು ನಿಲ್ಲಬೇಕು, ಮೊಬೈಲಿನಲ್ಲಿ ತೆಗೆಯುವುದು ನನಗೆ ತಿಳಿಯದು ಎಂದೆಲ್ಲ ರಾಗ ಎಳೆದೆ.

ಭಾನುವಾರ ಬೆಳಿಗ್ಗೆ ಮೊಬೈಲ್ ಟಿಣ್ ಎಂದಿತು. ಶಾರದಕ್ಕ ಮೆಟ್ರೋ ಟಿಕೆಟ್ ಕಳಿಸಿದ್ದರು. ಕೆಳಗೆ ಕನ್ನಡದಲ್ಲೇ ಬರೆದಿದ್ದರು: "ಗೇಟಲ್ಲಿ ಇದನ್ನ ತೋರಿಸು. ಹೋಳಿಗೆ ಬೇಯಿಸ್ತಾ ಇದ್ದೀನಿ, ತಡ ಮಾಡಬೇಡ."

ನಾನು ಅಂಗಿ ಬದಲಿಸಿ ಹೊರಟೆ.